ಅಲ್ಲ ಅನ್ನುವವರು ಬೇಕು

ವಿಶಾಖಾ ಇಂಗ್ಲಿಷ್ ಎಂ.ಎ. ಮುಗಿಸಿ ಎರಡು ವರ್ಷವಾಗಿತ್ತು. ಟಿಕೋಟಾದ ಖಾಸಗಿ ಶಾಲೆಯಿಂದ ಬಂದದ್ದು ನಾಲ್ಕನೆಯ ಸಂದರ್ಶನದ ಕರೆ. ಹಿಂದಿನ ಮೂರರಲ್ಲಿ ಅವಳ ಇಂಗ್ಲಿಷಿಗೆ ಯಾರೂ ಕೊರತೆ ಹೇಳಿರಲಿಲ್ಲ, ಆದರೆ ಕೆಲಸವನ್ನೂ ಕೊಟ್ಟಿರಲಿಲ್ಲ. ‘ಹುಡುಗಿ ಭಾಳ ಬಿಗಿ ಅದಾಳ’ ಅಂತ ಒಂದು ಕಡೆ ಅಂದರಂತೆ. ಬಿಗಿ ಅಂದರೇನು ಮಣ್ಣು! ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಬಿಗಿಯೇ? ಈ ಸಲವೂ ತಪ್ಪಿದರೆ ಅಪ್ಪ ಮರೆಪ್ಪ ಹೇಳಿದಂತೆ ಸುಮ್ಮನೆ ಔಷಧದ ಅಂಗಡಿಯ ಕೆಲಸಕ್ಕೆ ಸೇರಬೇಕು. ಪಾಠ ಹೇಳುವ ಆಸೆ ಅಲ್ಲಿಗೆ ಮುಗಿದಂತೆ.

ಅದಕ್ಕೇ ಅವಳು ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಗೆ ಹೋದಳು. ಅಲ್ಲಿ ಬಳೆ ಅಂಗಡಿಯ ಮೇಲಿನ ಕೋಣೆಯಲ್ಲಿ ಜಿಲಾನಿ ಸರ್ ಇಂಗ್ಲಿಷ್ ಮಾತು ಕಲಿಸುತ್ತಾರೆ. ಅವಳ ಕತೆ ಕೇಳಿ ಅವರು ಗಡ್ಡ ನೀವಿಕೊಂಡರು.

“ನಿಂಗ ಇಂಗ್ಲಿಷ್ ಬರತೈತಿ. ಇಂಗ್ಲಿಷರ ರೀತಿ ಬರಂಗಿಲ್ಲ,” ಎಂದರು. “ಅವರು ತಮ್ಮನ್ನ ತಾವ ಇಳಿಸ್ಕೊಂಡು ಮಾತಾಡ್ತಾರ. ಅಡಗಿ ಛಲೋ ಆಗೇತಿ ಅಂದ್ರ, ‘ಅಯ್ಯ, ನಾ ಮಾಡಿದ್ದ ನಾಯೀನೂ ಮೂಸಂಗಿಲ್ಲ’ ಅಂತಾರ. ಸೆಲ್ಫ್ ಡೆಪ್ರಿಕೇಶನ್ ಅಂತಾರ ಇದಕ್ಕ.”

“ಖರೇನ ಹಂಗ ಅಂದ್ಕೊಂಡಿರ್ತಾರೇನ್ರಿ ಸರ್?”

“ಎಲ್ಲೀದು! ಇವ ಇಳೀತಾನ, ಎದುರಿನವ ‘ಅಲ್ಲಲ್ಲ’ ಅಂತ ಎತ್ತತಾನ. ಇಬ್ಬರೂ ನಗತಾರ. ನಡುವಿನ ಬಿಗುವು ಸಡ್ಲ ಆಗತೈತಿ. ನೀನೂ ಒಂದ ಸಲ ಮಾಡಿ ನೋಡ.”

ಪುಸ್ತಕದಲ್ಲಿ ಓದಿದ್ದ ಮಾತೇ, ಆದರೆ ಅದು ಇಷ್ಟು ಕೆಲಸ ಮಾಡುತ್ತದೆ ಅಂತ ವಿಶಾಖಾಳಿಗೆ ಹೊಳೆದಿರಲಿಲ್ಲ. ಇಬ್ರಾಹಿಂಪುರದ ತಮ್ಮ ಓಣಿಗೆ ಮರಳಿದ ಮೇಲೂ ಅದೇ ಗುಂಗು. ಪಕ್ಕದ ಮನೆಯ ಮಾಶಾಬಿ ಚಹಾಕ್ಕೆ ಕರೆದರು. ಏಲಕ್ಕಿ ಹಾಕಿ ಕುದಿಸಿದ ಗಟ್ಟಿ ಚಹಾ ಕೊಟ್ಟು, “ನಮ್ದೇನ ಚಾ ಬಿಡವ್ವಾ, ಬರೇ ಬಿಸಿನೀರು,” ಅಂದು ಇವಳ ಮುಖ ನೋಡುತ್ತ ನಿಂತರು. “ಛೆ ಛೆ, ಇಂಥಾ ಚಾ ಎಲ್ಲಿ ಸಿಗತೈತ್ರಿ!” ಎಂದಾಗಲೇ ಆ ಮಹಾತಾಯಿ ಕುಳಿತದ್ದು. ಅಯ್ಯ, ಇದು ನಮ್ಮ ಓಣಿಯಲ್ಲೇ ಇದೆಯಲ್ಲ! ಇದಕ್ಕೆ ಇಂಗ್ಲಿಷರ ಹೆಸರೇಕೆ ಬೇಕಿತ್ತು ಅಂತ ವಿಶಾಖಾಳಿಗೆ ನಗು ಬಂತು.

ಮನೆಯಲ್ಲಂತೂ ಅವಳ ಆಯಿ, ಅಪ್ಪನ ತಾಯಿ ಪರಸವ್ವ, ಈ ವಿದ್ಯೆಯಲ್ಲಿ ಎತ್ತಿದ ಕೈ. ‘ನನ್ನ ಹಾಡ ಕೇಳಿದ್ರ ಮಲಗಿದ್ದ ಕೂಸೂ ಎದ್ದ ಅಳತೈತಿ’ ಎನ್ನುತ್ತಲೇ ಇಡೀ ಓಣಿಯ ಕೂಸುಗಳನ್ನು ಮಲಗಿಸಿದ ಮುದುಕಿ. ವಿಶಾಖಾ ಹುರುಪಿನಿಂದ ಎಲ್ಲ ಹೇಳಿದಳು. ಪರಸವ್ವ ಮಾತ್ರ ನಗಲಿಲ್ಲ.

“ಮನ್ಯಾಗ ಅಂದ್ಕೊ. ಅಲ್ಲಿ ಅನಬ್ಯಾಡ.”

“ಯಾಕ ಬೇ ಆಯಿ?”

“ಬಬಲೇಶ್ವರದಾಗ ಇದ್ದಾಗ ದೊಡ್ಡ ಮನಿ ಹಿತ್ತಲಾ ಕಸಾ ಹೊಡೀತಿದ್ದೆ. ‘ನಾವೇನ್ರಿ, ನಿಮ್ಮ ಕಾಲಾಗಿನ ಧೂಳಾ’ ಅಂತ ದಿನಾ ಅಂತಿದ್ದೆ. ಇಪ್ಪತ್ತ ವರ್ಷದಾಗ ಒಬ್ಬರರ ‘ಅಲ್ಲ ಪರಸವ್ವಾ’ ಅಂದಾರೇನ? ಹೂಂ ಅಂತಿದ್ರು. ಅಷ್ಟ.”

ಪಾಪ, ಹಳೆಯ ಕಾಲದ ಮಾತು ಎಂದುಕೊಂಡಳು ವಿಶಾಖಾ. ಮರುದಿನ ಬೆಳಿಗ್ಗೆ ಟಿಕೋಟಾ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು, ದಾರಿಯುದ್ದಕ್ಕೂ ಆ ಒಂದು ಮಾತನ್ನೇ ಅಭ್ಯಾಸ ಮಾಡುತ್ತ ಹೋದಳು.

ಸಂದರ್ಶನಕ್ಕೆ ಮೂವರು ಕುಳಿತಿದ್ದರು. ನಡುವೆ ಶಾಲೆಯ ಅಧ್ಯಕ್ಷರು ಶ್ರೀಮಂತಗೌಡರು, ಬಲಕ್ಕೆ ಸಮಿತಿಯ ಹಿರಿಯ ರಾಯಪ್ಪ, ಎಡಕ್ಕೆ ಮುಖ್ಯೋಪಾಧ್ಯಾಯಿನಿ ಮಹಾನಂದಾ ಮೇಡಂ. ಮಾತು ಶುರು ಮಾಡಿದವರು ಗೌಡರೇ.

“ನೋಡ್ರಿ, ನಾ ಎಮ್ಮಿ ಕಾಯ್ಕೊಂಡ ಬೆಳದಾವ. ನನ್ನ ಇಂಗ್ಲಿಷ್ ಕೇಳಿದ್ರ ಎಮ್ಮೀನೂ ನಗತಾವ.”

“ಎಲ್ಲೀದ್ರಿ ಗೌಡ್ರ!” ರಾಯಪ್ಪ ಕುರ್ಚಿಯಿಂದ ಅರ್ಧ ಎದ್ದರು. “ದಿಲ್ಲಿಗೆ ಹೋಗಿ ಭಾಷಣಾ ಮಾಡಿ ಬಂದವ್ರ ನೀವು!” ಮೇಡಂ ಕೂಡ “ಸರ್ ಸುಮ್ನ ಅಂತಾರ” ಎಂದು ನಕ್ಕರು.

ವಿಶಾಖಾಳಿಗೆ ಖುಷಿಯೋ ಖುಷಿ. ಜಿಲಾನಿ ಸರ್ ಹೇಳಿದ್ದು ಕಣ್ಣೆದುರೇ ನಡೆದಿತ್ತು. ಗೌಡರು ಇಳಿದರು, ಇವರು ಎತ್ತಿದರು, ಎಲ್ಲರೂ ನಕ್ಕರು. ಇದಕ್ಕಿಂತ ಒಳ್ಳೆಯ ಹೊತ್ತು ಬೇಕೆ? ಅವಳೂ ಮುಗುಳ್ನಕ್ಕು, “ನಂದೂ ಹಂಗ ಐತ್ರಿ ಸರ್. ನನ್ನ ಇಂಗ್ಲಿಷೂ ಹೇಳ್ಕೊಳ್ಳುವಂಥಾದ್ದೇನಲ್ಲ,” ಎಂದು ಕಾದಳು.

ಯಾರೂ ನಗಲಿಲ್ಲ. ಗೌಡರು ತಲೆಯಾಡಿಸಿದರು. ಮೇಡಂ ಪೆನ್ನು ತೆಗೆದು ಅವಳ ಹೆಸರಿನ ಮುಂದೆ ಏನೋ ಬರೆದುಕೊಂಡರು. ರಾಯಪ್ಪ ಮಾತ್ರ ಬಹಳ ಅಂತಃಕರಣದಿಂದ, “ಇರ್ಲಿ ತಗೋ ತಂಗಿ, ನಿಮ್ಮ ಮಂದ್ಯಾಗ ಇಷ್ಟ ಓದಿದ್ದ ದೊಡ್ಡದು,” ಎಂದರು.

ವಿಶಾಖಾಳ ಕಿವಿ ಬಿಸಿಯಾದವು. ಸಿಟ್ಟು ಬಂತು, ಅಳುವೂ ಬಂತು. ಎದ್ದು ಹೋಗಿಬಿಡಲೇ ಅನಿಸಿತು. ಆದರೆ ಹುಡುಗಿಯ ಹುಟ್ಟುಗುಣ, ತಿಳಿಯದ್ದನ್ನು ಕೇಳದೆ ಬಿಡುವವಳಲ್ಲ. ಸಿಟ್ಟಿಗಿಂತ ಕುತೂಹಲವೇ ಮುಂದೆ ಬಂದು ನಿಂತಿತು.

“ಒಂದ ಕೇಳ್ಲೇನ್ರಿ? ಗೌಡ್ರು ತಮಗ ಇಂಗ್ಲಿಷ್ ಬರಂಗಿಲ್ಲ ಅಂದ್ರು, ಎಲ್ಲಾರೂ ಅಲ್ಲ ಅಂದ್ರಿ. ನಾನೂ ಅದನ್ನ ಅಂದೆ, ಯಾರೂ ಅಲ್ಲ ಅನ್ಲಿಲ್ಲ. ಯಾಕ್ರಿ?”

ರಾಯಪ್ಪ ಕೆಮ್ಮಿದರು. ಗೌಡರು ಅವಳನ್ನು ಮೊದಲ ಸಲ ನೋಡುವವರಂತೆ ನೋಡಿದರು. ಅವಳ ದನಿಯಲ್ಲಿ ಚುಚ್ಚುಮಾತಿರಲಿಲ್ಲ. ಖರೇನೇ ಕೇಳುತ್ತಿದ್ದಳು.

“ನಾ ಅಂದದ್ದ ಸುಳ್ಳ ಅಂತ ಇವರಿಗೆಲ್ಲಾ ಗೊತ್ತಿತ್ತು,” ಎಂದರು ಗೌಡರು, ನಿಧಾನವಾಗಿ.

“ನಂದೂ ಸುಳ್ರಿ.”

“ಅದ ನಮಗ ಗೊತ್ತಿರ್ಲಿಲ್ಲ.”

“ಕೇಳಿ ನೋಡಬೇಕಿತ್ರಿ. ನನ್ನ ಅಂಕಪಟ್ಟಿ ನಿಮ್ಮ ಮುಂದ ಐತಿ.”

ಅಂಕಪಟ್ಟಿಯನ್ನು ಯಾರೂ ತೆರೆದಿರಲಿಲ್ಲ. ಗೌಡರು ಈಗ ತೆರೆದರು, ಓದಿದರು, ಮೇಡಂ ಕಡೆ ಸರಿಸಿದರು.

“ಹಂಗಾರ ಈಗ ಕೇಳ್ತೀನಿ. ನಿಮಗ ಇಂಗ್ಲಿಷ್ ಹೆಂಗ ಬರತೈತ್ರಿ?”

“ಛಲೋ ಬರತೈತ್ರಿ,” ಎಂದಳು ವಿಶಾಖಾ. ಮಾತು ಬಾಯಿ ಬಿಟ್ಟ ಮೇಲೆ ಅವಳಿಗೇ ಗಾಬರಿಯಾಯಿತು, ಆದರೂ ಹಿಂದೆ ತೆಗೆದುಕೊಳ್ಳಲಿಲ್ಲ. “ಭಾಳ ಛಲೋ ಬರತೈತಿ.”

ಮಹಾನಂದಾ ಮೇಡಂ ಮೊದಲು ಬರೆದದ್ದರ ಮೇಲೆ ಗೀಟು ಎಳೆದರು. “ಒಂಬತ್ತನೇ ತರಗತಿ ಹುಡುಗ್ರು ಪಾಠ ಇಲ್ದ ಖಾಲಿ ಕುಂತಾರ. ಬರ್ರಿ, ಪಾಠಾ ಮಾಡಿ ತೋರಿಸ್ರಿ,” ಎಂದು ಎದ್ದರು. ವಿಶಾಖಾ ನಲವತ್ತು ನಿಮಿಷ ಪಾಠ ಮಾಡಿದಳು. ಗೌಡರು ಕೊನೆಯ ಬೆಂಚಿನಲ್ಲಿ ಕುಳಿತು ಕೇಳಿದರು.

ಸಂಜೆ ಅವಳು ಮನೆಗೆ ಬಂದಾಗ ಪರಸವ್ವ ಹೊಸ್ತಿಲಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು.

“ಸೋಮವಾರದಿಂದ ಬಾ ಅಂದಾರ, ಆಯಿ.”

ಮುದುಕಿ ಮೊರ ಕೆಳಗಿಟ್ಟು ಮೊಮ್ಮಗಳ ಗಲ್ಲ ಹಿಡಿದು ಲಟಿಕೆ ಮುರಿದಳು. ನಡೆದದ್ದನ್ನೆಲ್ಲ ಕೇಳಿಸಿಕೊಂಡಳು, ರಾಯಪ್ಪನ ಮಾತನ್ನೂ. ಆಮೇಲೆ ಮತ್ತೆ ಮೊರ ಎತ್ತಿಕೊಂಡು, “ನಂಗೇನ ತಿಳೀತೈತಿ ಬಿಡ, ಹೆಬ್ಬೆಟ್ಟ ಒತ್ತೂ ಮುದುಕಿ ನಾ,” ಎಂದಳು. ಎಂದಳು, ಆದರೆ ಜೋಳ ಕೇರಲಿಲ್ಲ. ಕೈ ನಿಂತೇ ಇತ್ತು.

“ಅಲ್ಲ ಬೇ, ಅಲ್ಲ!” ವಿಶಾಖಾ ಕೂಗಿದ ರಭಸಕ್ಕೆ ಮಾಶಾಬಿ ಹೊರಗೆ ಬಂದು ಇಣುಕಿದರು. “ಎಂ.ಎ. ಓದಿದಾಕಿಗೆ ತಿಳೀಲಾರದ್ದು ನಿನಗ ತಿಳದಿತ್ತು!”

ಪರಸವ್ವ ಮೊರ ಬದಿಗಿಟ್ಟಳು.

“ಹಂಗಲ್ಲ,” ಎಂದಳು. “ನನ್ನ ಹೆಸರ ಹಿಡದ ಅನ್ನು.”

ವಿಶಾಖಾ ಆಯಿಯ ಎದುರು ನೆಲದ ಮೇಲೆ ಕುಳಿತಳು.

“ಅಲ್ಲ, ಪರಸವ್ವಾ,” ಎಂದಳು.