ಬುಧ, ಶುಕ್ರ ಮತ್ತು ಒಂದು ಲೋಟ ಹೆಪ್ಪು

ಜಯನಗರದಿಂದ ಸಿದ್ದಾಪುರದವರೆಗೆ ನನಗೆ ಗೊತ್ತಿಲ್ಲದ ಸಂಗತಿ ಅಂತ ಒಂದೂ ಇರಲಿಲ್ಲ. ಕಾಲೇಜು ಮೇಷ್ಟ್ರುಗಳು ನಮ್ಮ ಜಗಲಿಯಲ್ಲಿ ಸಾಲುಗಟ್ಟಿ ನಿಂತು ಸಂದೇಹ ಕೇಳುತ್ತಿದ್ದರು. ಅರ್ಧ ಸುಳ್ಳು ಅಂತಲೇ ಇಟ್ಟುಕೋ, ವಾರಿಜಾ. ಬಂದದ್ದು ಒಬ್ಬರೇ ಮೇಷ್ಟ್ರು, ಅದೂ ಹಾಲಿಗೆ.

ಉಳಿದ ಅರ್ಧ ಆಗ ಪಕ್ಕದ ಮನೆಯಲ್ಲಿದ್ದ ನಿಮ್ಮಮ್ಮ ಕಾತ್ಯಾಯಿನಿಗೆ ಗೊತ್ತು. ಗಂಡ ಹೋದ ಮೇಲೆ ಎರಡು ಹಸು ಕಟ್ಟಿಕೊಂಡು ಬದುಕಿದವಳು ನಾನು. ಓದು ಬರದು. ಸಹಿ ಕೇಳಿದ ಕಡೆಯೆಲ್ಲ ಹೆಬ್ಬೆಟ್ಟು ಒತ್ತಿ ಒತ್ತಿ, ಬೀದಿಯಲ್ಲಿ ನನ್ನ ಹೆಸರೇ ಹೆಬ್ಬೆಟ್ಟು ಅಂಜನಮ್ಮ ಅಂತಾಯಿತು. ಆದರೆ ಒಂದು ಸಲ ಕಿವಿಗೆ ಬಿದ್ದದ್ದು ಸತ್ತರೂ ಮರೆಯುತ್ತಿರಲಿಲ್ಲ.

ಅಷ್ಟಗ್ರಹ ಕೂಟ, ಪ್ರಪಂಚ ಮುಳುಗುತ್ತೆ ಅಂತ ಊರೆಲ್ಲ ಹೋಮ ಮಾಡಿಸಿತಲ್ಲ, ಆ ವರ್ಷ. ಪ್ರಪಂಚ ಮುಳುಗಲಿಲ್ಲ. ರಾಮನವಮಿಯ ಪೆಂಡಾಲಿನಲ್ಲಿ ಹೆಂಗಸರಿಗೆ ಸಾಮಾನ್ಯ ಜ್ಞಾನದ ಸ್ಪರ್ಧೆ ಇಟ್ಟರು. ಬಾಯಲ್ಲೇ ಉತ್ತರ, ಬರೆಯುವಂತಿಲ್ಲ.

"ಅಂಜನಕ್ಕ, ನೀವೂ ಹೆಸರು ಕೊಡಿ. ನಾನು ಪುಸ್ತಕ ಓದಿ ಹೇಳ್ತೀನಿ, ನೀವು ಬಾಯಿಪಾಠ ಮಾಡಿ," ಅಂದಳು ನಿಮ್ಮಮ್ಮ.

"ಗೆದ್ರೆ ಏನ್ ಕೊಡ್ತಾರೆ?"

"ಸ್ಟೀಲ್ ಡಬ್ಬಿ. ಮೈಕಲ್ಲಿ ಹೆಸರು ಕೂಗ್ತಾರೆ."

ಡಬ್ಬಿ ಹಾಳಾಗಲಿ. ಹೆಬ್ಬೆಟ್ಟು ಬಿಟ್ಟು ಬರೀ ಅಂಜನಮ್ಮ ಅಂತ ಮೈಕಿನಲ್ಲಿ ಒಂದು ಸಲ ಕೂಗಿಸಿಕೊಳ್ಳಬೇಕು ಅನ್ನಿಸಿಬಿಟ್ಟಿತು.

ದಿನಾ ಸಂಜೆ, ದೀಪ ಹಚ್ಚುವ ಮುಂಚೆ, ಅವಳು ಮೊಸರಿಗೆ ಹೆಪ್ಪು ಕೇಳಿಕೊಂಡು ಲೋಟ ಹಿಡಿದು ಬರುವುದಿತ್ತು. ಹೆಪ್ಪು ಕೊಟ್ಟು ಪಾಠ ತೆಗೆದುಕೊಂಡೆ. ಮನುಷ್ಯನಿಗೆ ಇನ್ನೂರಾರು ಮೂಳೆ. ಹಾಕಿ ಆಟಕ್ಕೆ ಒಂದೊಂದು ಕಡೆ ಹನ್ನೊಂದು ಜನ. ಒಲಿಂಪಿಕ್ ಬಾವುಟದಲ್ಲಿ ಐದು ಬಳೆ.

"ಬಳೆ ಅಲ್ಲ ಅಂಜನಕ್ಕ, ಉಂಗುರ."

"ಅಷ್ಟು ದಪ್ಪ ಉಂಗುರ ಯಾವ ರಾಕ್ಷಸಿ ಬೆರಳಿಗೆ?"

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೆ ಪುಸ್ತಕ ನೋಡಿ, "ಸೂರ್ಯನಿಗೆ ಎಲ್ಲಕ್ಕಿಂತ ಹತ್ರದ ಗ್ರಹ ಶುಕ್ರ," ಅಂದಳು. ಶುಕ್ರನನ್ನೂ ಎದೆಯಲ್ಲಿಟ್ಟುಕೊಂಡೆ.

ಸ್ಪರ್ಧೆಯಲ್ಲಿ ಕೊನೆಗೆ ಉಳಿದವರು ನಾವಿಬ್ಬರೇ, ಅಕ್ಕಪಕ್ಕದ ಕುರ್ಚಿಯಲ್ಲಿ. ಒಬ್ಬರು ತಪ್ಪಿದರೆ ಪ್ರಶ್ನೆ ಇನ್ನೊಬ್ಬರಿಗೆ. ಗುರುಬಸಪ್ಪ ಮೇಷ್ಟ್ರು ಕನ್ನಡಕ ಏರಿಸಿ ನನ್ನನ್ನು ಕೇಳಿದರು:

"ಸೂರ್ಯನಿಗೆ ಅತಿ ಹತ್ತಿರದ ಗ್ರಹ ಯಾವುದಮ್ಮ?"

"ಶುಕ್ರ." ನಾನು ಕೂಗಿದ ರಭಸಕ್ಕೆ ಬನಶಂಕರಿ ಗುಡ್ಡದ ನರಿಗಳೆಲ್ಲ ಎದ್ದು ಕೂತಿರಬೇಕು.

"ತಪ್ಪು. ಪಕ್ಕದವರು?"

ನಿಮ್ಮಮ್ಮ ನನ್ನ ಕಡೆ ತಿರುಗಲಿಲ್ಲ. "ಬುಧ," ಅಂದಳು.

ಮೈಕು ಅವಳ ಹೆಸರು ಕೂಗಿತು. ಹಿಂದಿನಿಂದ ಯಾರೋ, "ಹೆಬ್ಬೆಟ್ಟು ಯಾವತ್ತಿದ್ರೂ ಹೆಬ್ಬೆಟ್ಟೇ ಬಿಡಿ," ಅಂದರು. ನನ್ನ ಇನ್ನೂರಾರು ಮೂಳೆಗಳೂ ಅಲ್ಲೇ ಕಳಚಿ ಬಿದ್ದವು. ಅವಳಿಗೇ ತಿಳಿಯದೆ ತಪ್ಪು ಹೇಳಿಕೊಟ್ಟಿದ್ದರೆ, ಸರಿಯಾದದ್ದು ಅಲ್ಲಿ ಬಾಯಿಗೆ ಹೇಗೆ ಬಂತು?

ಮಾರನೇ ಸಂಜೆ ಲೋಟ ಹಿಡಿದು ಬಂದಳು.

"ಸಿಟ್ಟಾ ಅಂಜನಕ್ಕ? ಎಸ್ಸೆಸ್ಸೆಲ್ಸಿ ಓದಿದೋಳು ನಿಮ್ಮ ಮುಂದೆ ಸೋತ್ರೆ, ಬೀದೀಲಿ ತಲೆ ಎತ್ಕೊಂಡು ಹೆಂಗೆ ಓಡಾಡ್ಲಿ?"

"ನಂಗೆ ಓದಕ್ಕೆ ಬಂದಿದ್ರೆ ನಿನ್ನ ಕಣ್ಣು ಸಾಲ ಕೇಳ್ತಿದ್ನಾ, ಕಾತಿ?"

ಅವಳು ಲೋಟ ಮುಂದೆ ಚಾಚಿದಳು. ಆಮೇಲೆ ಮೆಲ್ಲಗೆ, "ನಾಳೆ ಅತ್ತೆ ಮನೆಯೋರೆಲ್ಲ ಊಟಕ್ಕೆ ಬರ್ತಿದಾರೆ. ಹೆಪ್ಪು ಸ್ವಲ್ಪ ಜಾಸ್ತಿನೇ ಹಾಕಿ," ಅಂದಳು.

ಲೋಟ ತೆಗೆದುಕೊಂಡು ಒಳಗೆ ಹೋದೆ. ಒಲೆಯ ಪಕ್ಕ ಎರಡು ಪಾತ್ರೆ. ಒಂದರಲ್ಲಿ ಮೊಸರು, ಇನ್ನೊಂದರಲ್ಲಿ ಸೀರೆಗೆ ಹಾಕಲು ಇಟ್ಟಿದ್ದ ಅನ್ನದ ಗಂಜಿ. ಎರಡೂ ಬೆಳ್ಳಗೆ. ಆ ಮಬ್ಬು ಬೆಳಕಿನಲ್ಲಿ ಯಾವುದು ಯಾವುದು ಅಂತ ಇಟ್ಟವಳಿಗೆ ಮಾತ್ರ ಗೊತ್ತು. ಬೇರೆಯವರಿಗೆ ಬೆಳಿಗ್ಗೆ ಹಾಲೇ ಹೇಳಬೇಕು.

ಒಂದರಿಂದ ಸೌಟಿನಲ್ಲಿ ತೆಗೆದು ಲೋಟಕ್ಕೆ ಹಾಕಿದೆ. ನಿಮ್ಮಮ್ಮ ಬಗ್ಗಿ ಸಹ ನೋಡದೆ, ನನ್ನನ್ನು ನಂಬಿ, ಲೋಟಕ್ಕೆ ಸೆರಗು ಮುಚ್ಚಿಕೊಂಡು ಒಯ್ದಳು.

ಮನೆಗೆ ಹೋಗಿ ಅವಳನ್ನು ಕೇಳುವ ಹಾಗಿಲ್ಲ. ಕಾಲೇಜು ಓದುತ್ತಿದ್ದೀಯಲ್ಲ ವಾರಿಜಾ, ಯಾವ ಪಾತ್ರೆ, ನೀನೇ ಹೇಳು.