ಒದ್ದೆ ಬೆಡ್‌ಶೀಟಿನ ಏಟು

"ಏ ಮುಂಡೆ, ಅದನ್ನ ಹಿಂಡ್ತಿದೀಯೋ, ಮುದ್ದಾಡ್ತಿದೀಯೋ?"

ಮಿಷನ್ ಆಸ್ಪತ್ರೆಯ ಒಗೆಯುವ ಶೆಡ್ಡಿನ ಬಾಗಿಲಲ್ಲಿ ನಿಂತು ಮೇಸ್ತ್ರಿ ಕೂಗಿದ. ಹೆಂಗಸರು ತಲೆ ಎತ್ತಲಿಲ್ಲ. ರಕ್ತ, ಕೀವು, ಉಚ್ಚೆ ಮೆತ್ತಿದ ಬೆಡ್‌ಶೀಟುಗಳನ್ನು ಕುದಿಯುವ ಹಂಡೆಯಿಂದ ಎತ್ತಿ ತಿರುಚಿ ಹಿಂಡುವುದು ಅವರ ಕೆಲಸ. ಬೈಸಿಕೊಂಡವಳಿಗೆ ಗಟ್ಟಿಕೈ ಎಂದೇ ಹೆಸರು ಬಿದ್ದಿತ್ತು. ಅವಳು ಹಿಂಡಿದ ಶೀಟು ಹಗ್ಗದ ಹಾಗಾಗುತ್ತಿತ್ತು.

ಮೇಸ್ತ್ರಿ ಉಳಿದವರನ್ನೆಲ್ಲ ಬಟ್ಟೆ ಹರವಲು ಹೊರಗಟ್ಟಿದ. ಅವಳ ನಾದಿನಿಯನ್ನೂ ಕಳಿಸಿದ. ಆಮೇಲೆ ಹಿಂದಿನಿಂದ ಬಂದು ಗಟ್ಟಿಕೈಯ ಸೊಂಟಕ್ಕೆ ಕೈ ಹಾಕಿ ಸ್ಟೋರ್ ರೂಮಿನತ್ತ ಎಳೆದ.

"ಬಿಡಿ" ಅಂದಳು. ಬಿಡಲಿಲ್ಲ. "ಬಿಡೋ" ಅಂದಳು. ಜುಟ್ಟು ಹಿಡಿದ.

ಕೈಯಲ್ಲಿದ್ದ ಶೀಟನ್ನು ಬೀಸಿದಳು. ಎಡಗೆನ್ನೆಗೆ ಬಿದ್ದ ಏಟಿಗೆ ಮೇಸ್ತ್ರಿ ಸೋಪಿನ ನೀರಲ್ಲಿ ಕುಂಡೆ ಊರಿ ಕೂತ.

ಮೇಸ್ತ್ರಿ ಬರೀ ಮೇಸ್ತ್ರಿಯಲ್ಲ, ಚರ್ಚಿನ ಸಭೆಯ ಹಿರಿಯ. ಭಾನುವಾರ ದ್ರಾಕ್ಷಾರಸದ ತಟ್ಟೆ ಹಿಡಿಯುವ ಕೈ ಅದೇ. ಹಾಗಾಗಿ ವಿಷಯ ನೇರ ಪಾಸ್ಟರ ಕೋಣೆಗೆ ಹೋಯಿತು. ಕಿಟಕಿಗೆ ಕಬ್ಬಿಣದ ಸರಳು, ಕಾಂಪೌಂಡಿಗೆ ಗಾಜಿನ ಚೂರು, ಗೇಟಿನಲ್ಲಿ ಬಂದೂಕು ಹಿಡಿದ ಕಾವಲುಗಾರ. ಇಷ್ಟರ ನಡುವೆ ಕೂತು ಪಾಸ್ಟರು ಶಾಂತಿಯ ಮಾತಾಡಿದರು.

"ಒಂದು ಕೆನ್ನೆಗೆ ಹೊಡೆದ್ರೆ ಇನ್ನೊಂದು ತೋರಿಸು ಅಂತ ಸ್ವಾಮಿ ಹೇಳಿದ್ದು ಗೊತ್ತಲ್ಲ, ಮಗಳೇ?"

"ಗೊತ್ತು, ಅಯ್ಯನೋರೆ. ಅವನು ಕೆನ್ನೆ ತಂಟೆಗೇ ಬರ್ಲಿಲ್ಲ, ಸೊಂಟಕ್ಕೆ ಕೈ ಹಾಕ್ದ. ಅದಕ್ಕೆ ಇನ್ನೊಂದು ಅಂತ ಏನು ತೋರಿಸ್ಲಿ?"

ಜೊತೆಗೆ ಬಂದಿದ್ದ ನಾದಿನಿ ನಗು ತಡೆಯಲು ಬಾಯಿ ಮುಚ್ಚಿಕೊಂಡಳು. ಪಾಸ್ಟರು ಕೆಮ್ಮಿದರು.

"ಸ್ವಾಮಿನ ಹಿಡಿಯೋಕೆ ಬಂದವರ ಮೇಲೆ ತೋಟದಲ್ಲಿ ಶಿಷ್ಯ ಕತ್ತಿ ಬೀಸಿದಾಗ ಸ್ವಾಮಿ ಒಳಗಿಡು ಅಂದ್ರು."

"ಒಳಗಿಡು ಅಂದ್ರು, ಬಿಸಾಕು ಅನ್ಲಿಲ್ಲ. ಅಲ್ಲೀವರೆಗೂ ಅವನ ಸೊಂಟದಲ್ಲಿ ಕತ್ತಿ ಇತ್ತಲ್ಲ, ಜೊತೇಲಿ ಓಡಾಡೋ ಸ್ವಾಮಿಗೆ ಕಾಣ್ಲಿಲ್ವಾ? ನಿಮ್ಮ ಗೇಟಲ್ಲಿ ಬಂದೂಕು ಯಾಕೆ?"

"ಅದು ದೇವರ ಆಸ್ತಿ ಕಾಯೋಕೆ!"

"ನನ್ನನ್ನ ಮಾಡಿದ್ಯಾರು? ನಾನ್ಯಾರ ಆಸ್ತಿ?"

ಪಾಸ್ಟರು ವಚನ ಬಿಟ್ಟು ತೀರ್ಪಿಗೆ ಬಂದರು. ಭಾನುವಾರ ದ್ರಾಕ್ಷಾರಸ ಹಂಚುವ ಪ್ರಭುಭೋಜನಕ್ಕೆ ಮುಂಚೆ ಸಭೆಯ ಮುಂದೆ ಮೊಣಕಾಲೂರಿ ಅವಳು ಕ್ಷಮೆ ಕೇಳಬೇಕು. ಇಲ್ಲದಿದ್ದರೆ ಅತ್ತಿಗೆ ನಾದಿನಿ ಇಬ್ಬರಿಗೂ ಕೆಲಸವಿಲ್ಲ.

ಗಟ್ಟಿಕೈಗೆ ಒಳಗೊಳಗೇ ಅಳುಕಿತ್ತು. ಹೊಡೆದದ್ದು ಪಾಪವೇ ಇರಬಹುದಾ? ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಬರೀ ಜುಟ್ಟಿನ ನೋವು ನೆನಪಾಗುತ್ತಿತ್ತು.

"ಮೊಣಕಾಲೂರಿಬಿಡು, ಅತ್ತಿಗೆ. ಎರಡು ನಿಮಿಷದ ಕೆಲಸ" ಅಂದಳು ನಾದಿನಿ, ಮನೆಗೆ ಬಂದ ಮೇಲೆ.

ಮೂವತ್ತು ವರ್ಷ ಅದೇ ಶೆಡ್ಡಿನಲ್ಲಿ ಬಟ್ಟೆ ಒಗೆದಿದ್ದ ಅತ್ತೆ ಒಲೆಯ ಮುಂದಿನಿಂದ ತಿರುಗಲಿಲ್ಲ.

"ಆಗ ಇವನಪ್ಪ ಮೇಸ್ತ್ರಿ" ಅಂದಳು. ಒಲೆಗೆ ಸೌದೆ ತಳ್ಳಿ, "ನಾನು ಹೊಡೀಲಿಲ್ಲ" ಅಂದಳು.

ಭಾನುವಾರ ಪಾಸ್ಟರು ಕರೆದಾಗ ಗಟ್ಟಿಕೈ ಎದ್ದು ಮುಂದೆ ಹೋದಳು. ಮೊಣಕಾಲೂರಲಿಲ್ಲ.

"ಹೊಡೆದಿದ್ದು ನಿಜ. ಮುಟ್ಟಿದ್ರೆ ಮತ್ತೆ ಹೊಡೀತೀನಿ. ಅದು ಪಾಪ ಆದ್ರೆ ದೇವರ ಹತ್ರ ನಾನೇ ಮಾತಾಡ್ಕೋತೀನಿ."

ಪಾಸ್ಟರು ಗಡಿಬಿಡಿಯಲ್ಲಿ ಭೋಜನದ ಪ್ರಾರ್ಥನೆ ಮುಗಿಸಿದರು. ಊದಿದ ಕೆನ್ನೆಯ ಮೇಸ್ತ್ರಿ ಪುಟ್ಟ ಬಟ್ಟಲುಗಳ ತಟ್ಟೆ ಹಿಡಿದು ಹೆಂಗಸರ ಸಾಲಿಗೆ ಬಂದ. ಮೊದಲ ಬೆಂಚಿನ ತುದಿಯಲ್ಲಿದ್ದ ಅತ್ತೆ ತಟ್ಟೆ ನೋಡಿದಳು, ಹಿಡಿದ ಕೈ ನೋಡಿದಳು, ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ನಾದಿನಿಯೂ ಹಾಗೇ ಮಾಡಿದಳು. ಅವಳ ಪಕ್ಕದವಳು, ಹಿಂದಿನ ಬೆಂಚು, ಅದರ ಹಿಂದಿನದು. ಬಡಿಸಲು ಹೋದ ತಟ್ಟೆ ತುಂಬಿಕೊಂಡೇ ವಾಪಸಾಯಿತು.

ಆಶೀರ್ವದಿಸಿದ ದ್ರಾಕ್ಷಾರಸವನ್ನು ಚೆಲ್ಲುವಂತಿಲ್ಲ, ಉಳಿದದ್ದನ್ನು ಪಾಸ್ಟರೇ ಕುಡಿದು ಮುಗಿಸಬೇಕು ಎಂಬುದು ಆ ಸಭೆಯ ನಿಯಮ. ನಲವತ್ತಮೂರು ಬಟ್ಟಲು. ಪಾಸ್ಟರು ಒಂದೊಂದಾಗಿ ಎತ್ತತೊಡಗಿದರು. ಐದಕ್ಕೆ ಮುಖ ಕೆಂಪಾಯಿತು. ಹನ್ನೆರಡಕ್ಕೆ ಮೇಜು ಹಿಡಿದುಕೊಂಡರು. ಮೇಸ್ತ್ರಿ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದ.

ಒಬ್ಬಳೂ ಎದ್ದು ಹೋಗಲಿಲ್ಲ. ಹೆಂಗಸರೆಲ್ಲ ನೋಡುತ್ತ ಕೂತರು. ತಟ್ಟೆಯಲ್ಲಿ ಇನ್ನೂ ಮೂವತ್ತೊಂದು ಉಳಿದಿದ್ದವು.