ಜಿಪ್ಪು ಕದ್ದ ಆರು ಮಂದಿ

"ಸೆರಗು ಜಾಡಿಸಲೇ. ಮಾರಿ ಏನು ನೋಡ್ತಿ? ಜಾಡಿಸು ಅಂದೆ ರಂಡಿ."

ಕಾರ್ಖಾನೆಯ ಮೇಸ್ತ್ರಿ ಹುಲುಗೇಶ ಹೀಗೆ ಗದರಿದಾಗ ಎರ್ರಮ್ಮನ ಬಾಯಲ್ಲಿ ರೊಟ್ಟಿಯ ತುತ್ತು ಇನ್ನೂ ಇತ್ತು. ನುಂಗಲೂ ಆಗದೆ ಉಗುಳಲೂ ಆಗದೆ ಅವಳು ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಪಕ್ಕದಲ್ಲಿ ಇನ್ನೂ ಐದು ಹೆಂಗಸರು. ಊಟದ ಡಬ್ಬಿಗಳನ್ನೆಲ್ಲ ನೆಲಕ್ಕೆ ಸುರಿದಾಗಿತ್ತು. ಯಾರದೋ ಪುಂಡಿಪಲ್ಲೆ ಯಾರದೋ ಅನ್ನದ ಮೇಲೆ ಬಿದ್ದು, ಅದರ ಮೇಲೆ ಹುಲುಗೇಶನ ಚಪ್ಪಲಿಯ ಗುರುತು ಮೂಡಿತ್ತು.

"ಮೊದಲು ನಿನ್ನ ಹೆಂಡ್ತಿ ಸೀರಿ ಬಿಚ್ಚಿ ನೋಡಲೇ ಬಾಡ್ಯಾ" ಅಂದಳು ಸಾಲಿನ ಕೊನೆಯಲ್ಲಿದ್ದ ಹಂಪಮ್ಮ.

ಹುಲುಗೇಶ ಸೀದಾ ಹೋಗಿ ಅವಳು ಕೂರುತ್ತಿದ್ದ ಗೋಣಿಚೀಲ ಎತ್ತಿದ. ಅಡಿಯಲ್ಲಿ ಒಂದು ಹಿಡಿ ಹಿತ್ತಾಳೆ ಜಿಪ್ಪುಗಳಿದ್ದವು. ಅವನ್ನು ಅಲ್ಲಿ ಇಟ್ಟವನು ಯಾರೆಂದು ಹುಲುಗೇಶನಿಗೆ ಗೊತ್ತಿತ್ತು, ಹಂಪಮ್ಮನಿಗೆ ಗೊತ್ತಿತ್ತು, ಉಳಿದ ಐವರಿಗೂ ಗೊತ್ತಿತ್ತು. ಹುಲುಗೇಶ ಎರ್ರಮ್ಮನ ಓಣಿಯವನೇ. ಅವನ ಮದುವೆಯಲ್ಲಿ ಅರಿಶಿನ ಕುಟ್ಟಿದವಳು ಅವಳು. ಹೋದ ವಾರದ ತನಕ ಅಕ್ಕಾ ಎನ್ನದೆ ಅವನು ಅವಳನ್ನು ಮಾತಾಡಿಸಿದ್ದಿಲ್ಲ.

ಆ ಜೀನ್ಸ್ ಕಾರ್ಖಾನೆಯಲ್ಲಿ ಇಪ್ಪತ್ತು ಮಿಷನ್ನುಗಳಿದ್ದವು. ಹದಿನಾಲ್ಕರ ಮೇಲೆ ಆಗಲೇ ಬಟ್ಟೆ ಹೊದಿಸಿಯಾಗಿತ್ತು. ಮುಂಬಯಿಯಿಂದ ಮಾಲು ಕೇಳಿ ಫೋನು ಬಂದು ಮೂರು ತಿಂಗಳಾಗಿತ್ತು. ಹೊಲಿದ ಪ್ಯಾಂಟುಗಳು ಮೂಟೆ ಕಟ್ಟಿದಂತೆಯೇ ಮಾಳಿಗೆಯಲ್ಲಿ ಇಲಿಗಳಿಗೆ ಮನೆಯಾಗಿದ್ದವು. ಕೆಲಸ ಇಲ್ಲ ಹೋಗ್ರಿ ಅಂದರೆ ಹೆಂಗಸರು ಹನ್ನೊಂದು ವರ್ಷದ ಲೆಕ್ಕ ಕೇಳುತ್ತಾರೆ. ಕಳ್ಳಿಯರು ಏನನ್ನೂ ಕೇಳುವುದಿಲ್ಲ.

ಸಾಹುಕಾರ ಸಿದ್ದಲಿಂಗೇಶ್ ಗಾಜಿನ ಕೋಣೆಯಿಂದ ಹೊರಗೆ ಬಂದ. ಅವನು ಯಾವತ್ತೂ ದನಿ ಏರಿಸಿದವನಲ್ಲ.

"ಪೊಲೀಸರಿಗೆ ಕೊಡಾಂಗಿಲ್ಲ ನಾನು. ಎಷ್ಟಂದ್ರೂ ಹೆಣ್ಮಕ್ಕಳು. ಸುಮ್ಮನ ಮನಿಗಿ ಹೋಗ್ರಿ. ಬಾಕಿ ಪಗಾರ ಅದು ಇದು ಅಂತ ಬಾಗಿಲಿಗೆ ಬಂದ್ರ ಮಾತ್ರ ಫೋನ್ ಎತ್ತಬೇಕಾಗ್ತೈತಿ."

"ಸಾವ್ಕಾರ್ರ, ನಾವು ಕದ್ದಿಲ್ಲ ಅಂತ ನಿಮಗ ಗೊತ್ತೈತಿ" ಅಂದಳು ಎರ್ರಮ್ಮ. ತುತ್ತು ಆಗ ಗಂಟಲಿಗೆ ಇಳಿಯಿತು.

"ಗೊತ್ತೈತವಾ" ಅಂದ ಸಿದ್ದಲಿಂಗೇಶ್. ಹಾಗೆಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

*

ಎರ್ರಮ್ಮನ ಗಂಡ ಗಾದೆಪ್ಪ ಜೀನ್ಸ್ ತೊಳೆಯುವ ವಾಷಿಂಗಿನಲ್ಲಿದ್ದವನು. ಅದು ಅವಳ ಕೆಲಸಕ್ಕಿಂತ ಮುಂಚೆಯೇ ನಿಂತಿತ್ತು. ಆಸಿಡ್ಡಿನ ಹೊಗೆ ಕುಡಿದ ಅವನ ಎದೆ ಮಾತ್ರ ನಿಂತಿರಲಿಲ್ಲ, ಗರಗರ ಅನ್ನುತ್ತಲೇ ಇತ್ತು. ದಿನಾ ಬೆಳಿಗ್ಗೆ ಕೂಲಿಯವರು ನಿಲ್ಲುವ ಸರ್ಕಲ್ಲಿಗೆ ಹೋಗಿ ನಿಲ್ಲುತ್ತಿದ್ದ. ಅಲ್ಲಿ ಕೆಮ್ಮುವವನನ್ನು ಯಾರೂ ಕರೆಯುತ್ತಿರಲಿಲ್ಲ. ಬಿಸಿಲೇರಿದ ಮೇಲೆ ಮನೆಗೆ ಬಂದು, ಇವತ್ತೂ ರಶ್ ಇತ್ತು ಅನ್ನುತ್ತಿದ್ದ. ಮಗಳು ಶಶಿರೇಖಾ ಪಿಯುಸಿ ಎರಡನೇ ವರ್ಷ. ಕಾಲೇಜಿನಿಂದ ಬಂದವಳು ಡಬ್ಬಿಯ ಮುಚ್ಚಳ ತೆಗೆದು ನೋಡದೆಯೇ "ನನಗ ಹಸಿವಿಲ್ಲ ಬೇ" ಅನ್ನುವುದನ್ನು ಕಲಿತಿದ್ದಳು.

ಎರ್ರಮ್ಮ ಬೇರೆ ಕಾರ್ಖಾನೆಗಳಿಗೆ ಅಲೆದಳು. ಅರ್ಧದಷ್ಟಕ್ಕೆ ಬೀಗ ಬಿದ್ದಿತ್ತು. ಬಾಗಿಲು ತೆರೆದಿದ್ದ ಕಡೆ, "ನೀನು ಆ ಜಿಪ್ಪಿನಾಕಿ ಅಲ್ಲೇನು?" ಎಂದು ಕೇಳಿದರು. ಬಳ್ಳಾರಿ ದೊಡ್ಡ ಊರು ಅಂದುಕೊಂಡಿದ್ದಳು. ಅಷ್ಟೇನೂ ದೊಡ್ಡದಿರಲಿಲ್ಲ.

ಕೊನೆಗೆ ಗಾಂಧಿನಗರದ ವಿಜಯಾಬಾಯಿಯವರ ಮನೆಯಲ್ಲಿ ಪಾತ್ರೆ, ಬಟ್ಟೆ, ಅಂಗಳದ ಕೆಲಸ ಸಿಕ್ಕಿತು. ವಿಜಯಾಬಾಯಿ ಸಾಲಿ ಟೀಚರಾಗಿ ನಿವೃತ್ತಿಯಾದವರು, ಮೆತ್ತಗಿನ ಮಾತಿನವರು.

"ಹಿತ್ತಲ ಬಾಗಲಿಂದ ಬಾರವಾ. ಪಾತ್ರೆ ತೊಳದು ಕಟ್ಟಿ ಮ್ಯಾಲೆ ಬೋರಲ ಹಾಕು. ಆಮ್ಯಾಲೆ ನಾವು ನೀರು ಹಾಕಿ ಒಳಗ ತಗೋತೀವಿ. ನಮ್ಮಲ್ಲಿ ಪದ್ಧತಿ ಹಾಂಗ ಅದ. ತಪ್ಪು ತಿಳೀಬ್ಯಾಡ."

ಎರ್ರಮ್ಮ ತಪ್ಪು ತಿಳಿಯಲಿಲ್ಲ. ತಿಳಿಯುವಷ್ಟು ಪುರುಸೊತ್ತು ಇರಲಿಲ್ಲ. ಅವಳು ತೊಳೆದಿಟ್ಟ ಪಾತ್ರೆಗಳನ್ನು ಸೊಸೆ ಸುಪ್ರಜಾ ಮತ್ತೆ ತೊಳೆಯುವ ಸದ್ದು ಕೇಳುತ್ತ ದಿನಾ ಅಂಗಳ ಗುಡಿಸಿದಳು. ಒಂಬತ್ತನೆಯ ದಿನ ಹೊರಡುವಾಗ ವಿಜಯಾಬಾಯಿ ಬಾಗಿಲಿಗೆ ಅಡ್ಡ ನಿಂತರು.

"ಕೈಚೀಲ ಒಂಚೂರು ತೋರಸ್ತೀಯಾ?"

ಎರ್ರಮ್ಮ ಚೀಲ ತೆರೆದಳು. ಅದರಲ್ಲಿ ಅವರೇ ಬೆಳಿಗ್ಗೆ ಕೊಟ್ಟಿದ್ದ ನಿನ್ನೆಯ ಚಪಾತಿಗಳಿದ್ದವು.

"ನನಗ ನಂಬಿಕಿ ಅದ" ಅಂದರು ವಿಜಯಾಬಾಯಿ, ಚಪಾತಿಯ ಕಾಗದವನ್ನು ಎರಡು ಬೆರಳಲ್ಲಿ ಬಿಡಿಸಿ ನೋಡುತ್ತ. "ಆದ್ರ ಹುಡುಗರು ಕೇಳಂಗಿಲ್ಲ. ಬ್ಯಾಂಕಿನ್ಯಾಗ ಕೆಲಸ ಮಾಡೋ ನಮ್ಮ ಮಗ ಸತ್ಯಾತ್ಮಗ ಯಾರೋ ಏನೋ ಹೇಳ್ಯಾರ. ನಾಳಿಯಿಂದ ಬರೋದು ಬ್ಯಾಡವಾ." ಒಂಬತ್ತು ದಿನದ ಹಣವನ್ನು ಒಂದು ರೂಪಾಯಿಯೂ ಕಡಿಮೆ ಮಾಡದೆ ಕಟ್ಟೆಯ ಮೇಲೆ ಇಟ್ಟರು, ಕೈಗೆ ಕೊಡಲಿಲ್ಲ. ಜೊತೆಗೆ ಒಂದು ಹಳೆಯ ಸೀರೆಯನ್ನೂ ಇಟ್ಟರು.

ಎರ್ರಮ್ಮ ಹಣ ತೆಗೆದುಕೊಂಡಳು. ಸೀರೆಯನ್ನು ಅಲ್ಲೇ ಬಿಟ್ಟಳು. ಬಸ್‌ಸ್ಟಾಪಿನ ತನಕ ಹೋದವಳು ಮತ್ತೆ ತಿರುಗಿ ಬಂದು ಸೀರೆಯನ್ನೂ ತೆಗೆದುಕೊಂಡು ಹೋದಳು.

*

ಕಾಲುವೆಗೆ ನೀರು ಬಿಟ್ಟರು. ಸಿರುಗುಪ್ಪದ ಕಡೆ ಭತ್ತದ ನಾಟಿ ಸುರುವಾಯಿತು. ನಸುಕಿನಲ್ಲಿ ಟಂಟಂ ಗಾಡಿಯೊಂದು ಓಣಿಗೆ ಬಂದು ಹದಿನಾಲ್ಕು ಹೆಂಗಸರನ್ನು ಒಂದರ ಮೇಲೊಂದು ಮೂಟೆ ಒಟ್ಟಿದ ಹಾಗೆ ತುಂಬಿಕೊಂಡಿತು. ಜಿಪ್ಪಿನ ಆರು ಮಂದಿಯೂ ಅದರಲ್ಲಿದ್ದರು. ಹನ್ನೊಂದು ವರ್ಷ ಮಿಷನ್ನಿನ ಮುಂದೆ ಕೂತ ಸೊಂಟಗಳು ಅವು, ಬಗ್ಗುವುದನ್ನು ಮರೆತಿದ್ದವು.

ಗದ್ದೆಯ ಬದುವಿನಲ್ಲಿ ಆ ಊರಿನ ಹೆಂಗಸರು ಇಪ್ಪತ್ತು ಮಂದಿ ನಿಂತಿದ್ದರು. ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿದ್ದರು. ಕೆಸರಿಗೆ ಯಾರೂ ಇಳಿದಿರಲಿಲ್ಲ.

"ಯಾ ಊರಿನವರಲೇ ನೀವು?" ಅಂದಳು ಒಬ್ಬ ಮುದುಕಿ.

"ಬಳ್ಳಾರಿ ಯವ್ವಾ."

"ನಿಮ್ಮ ಊರಾಗ ಮಿಷನ್ ನಿಂತ್ರ ನಮ್ಮ ಹೊಟ್ಟಿ ಮ್ಯಾಲೆ ಕಾಲಿಡಾಕ ಬರ್ತೀರೇನ? ನಿನ್ನೆ ಇನ್ನೊಂದು ಗಾಡಿ ಬಂದಿತ್ತು. ಅವರು ಬಂದ್ರು ಅಂತ ನಮ್ಮ ಕೂಲಿ ನೂರು ರೂಪಾಯಿ ಇಳಿಸ್ಯಾರ."

"ನಾವೇನು ಮಾಡೂನು ಯವ್ವಾ, ನಮಗೂ ಮಕ್ಕಳದಾವ" ಅಂದಳು ಎರ್ರಮ್ಮ.

"ಮಕ್ಕಳದಾವ ಅಂತ. ನಮ್ಮವೇನು ನಾಯಿ ಮರೀನಾ?"

ಮುದುಕಿ ಸಸಿಯ ಕಟ್ಟೊಂದನ್ನು ಎತ್ತಿ ಎರ್ರಮ್ಮನ ಮುಖಕ್ಕೆ ಎಸೆದಳು. ಕೆಸರು ಕಣ್ಣಿಗೆ ಹೋಯಿತು. ಹಂಪಮ್ಮ ಮುಂದೆ ಹಾರಿ ಮುದುಕಿಯ ಜುಟ್ಟು ಹಿಡಿದಳು. ಬದುವಿನ ಮೇಲೆ ಎರಡೂ ಕಡೆಯವರು ಒಬ್ಬರನ್ನೊಬ್ಬರು ಕೆಡವಿಕೊಂಡು ಹೊರಳಾಡುತ್ತಿದ್ದಾಗ ಗದ್ದೆಯ ಯಜಮಾನ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನವನು, ಬೈಕ್ ನಿಲ್ಲಿಸಿ, ಅದರ ಮೇಲೆ ಕೂತೇ ಒಂದು ಬೀಡಿ ಮುಗಿಸಿದ.

"ಆಯ್ತಾ?" ಅಂದ. "ಅಂದರಿಕೀ ಒಕಟೇ ರೇಟು. ಇವರಿಗೊಂದು ಅವರಿಗೊಂದು ಇಲ್ಲ. ನಿನ್ನೆಗಿಂತ ಇನ್ನೂ ಐವತ್ತು ಕಮ್ಮಿ. ಇಳಿಯೋರು ಇಳೀರಿ, ಇಲ್ಲಾಂದ್ರ ಸಾಯಂಕಾಲಕ್ಕ ನಾಟಿ ಮಿಷನ್ ತರಸ್ತೀನಿ."

ಆಮೇಲೆ ಮುದುಕಿ ಬಿಚ್ಚಿದ ಜುಟ್ಟನ್ನು ಗಂಟು ಹಾಕಿಕೊಂಡು ಮೊದಲು ಇಳಿದಳು. ಅವಳ ಪಕ್ಕದ ಸಾಲಿಗೆ ಎರ್ರಮ್ಮ ಇಳಿದಳು. ಸಂಜೆಯ ತನಕ ಇಬ್ಬರೂ ಅಕ್ಕಪಕ್ಕದಲ್ಲೇ ಸಸಿ ಊರಿದರು. ನಾಟಿ ಹದಿನೆಂಟು ದಿನಕ್ಕೆ ಮುಗಿಯಿತು.

*

ಸಾಹುಕಾರನಿಂದ ಕರೆ ಬಂದದ್ದು ಎರ್ರಮ್ಮ ಕುರುಗೋಡಿನ ತವರಿನಲ್ಲಿದ್ದಾಗ. ಅಣ್ಣನ ಮನೆಯಲ್ಲಿ ನಾಲ್ಕು ಸೇರು ಜೋಳ ಕೇಳಲು ಹೋಗಿದ್ದಳು. ಕೇಳುವ ಮಾತು ಬಾಯಿಗೆ ಬಾರದೆ ಎರಡು ದಿನದಿಂದ ಅತ್ತಿಗೆಯ ಜೊತೆ ಹತ್ತಿಕಟ್ಟಿಗೆ ಒಟ್ಟುತ್ತಿದ್ದಳು. ಹಂಪಮ್ಮ ಫೋನು ಮಾಡಿ ಹೇಳಿದಳು: ದಸರಾಕ್ಕೆ ಆರ್ಡರ್ ಬಂದಿದೆ, ಆರು ಮಂದಿಯನ್ನೂ ಕರೆಯುತ್ತಿದ್ದಾರೆ. ರೇಟು ಅರ್ಧ. ಒಂದು ಕಾಗದಕ್ಕೆ ಸಹಿ ಹಾಕಬೇಕು.

"ಏನಂತ ಸಹಿ?"

"ಜಿಪ್ಪು ಕದ್ದದ್ದು ನಾವ ಅಂತ. ಹಿಂದಿನದು ಏನೂ ಕೇಳಂಗಿಲ್ಲ ಅಂತ."

"ನೀನು?"

"ಮುಂಜಾನಿ ಹಾಕಿ ಬಂದೆ. ನನ್ನ ಸಣ್ಣದಕ್ಕ ಜ್ವರ ಬಿಟ್ಟಿಲ್ಲ ಎರ್ರಿ. ಏನು ಮಾಡ್ಲಿ?"

ಅವ್ವ ದೊಡ್ಡಬಸಮ್ಮ ಹೊಸ್ತಿಲಲ್ಲಿ ಕೂತು ಎಲ್ಲ ಕೇಳಿಸಿಕೊಂಡಳು. ಅವಳ ಹರೆಯವೆಲ್ಲ ಊರಗೌಡನ ಕಣದಲ್ಲಿ ಕಳೆದಿತ್ತು. ಸಂಜೆ ಹೊರಡುವಾಗ ಕಣದ ಬಾಗಿಲಲ್ಲಿ ಹೆಣ್ಣಾಳುಗಳ ಮಡಿಲು ಬಿಚ್ಚಿಸಿ ನೋಡುತ್ತಿದ್ದ ಕಾಲ ಅದು.

"ಹಾಕು" ಅಂದಳು. "ನಮ್ಮನ್ನ ಅವರು ಯಾವಾಗ ಕಳ್ಳರು ಅಂದಿಲ್ಲ? ಮೊದಲು ಬಾಯಿಲೆ ಅಂತಿದ್ರು. ಈಗ ಬರಸ್ಕೊಳ್ಳಾಕತ್ತಾರ. ಅಷ್ಟ."

ಬಳ್ಳಾರಿಗೆ ಬಂದು ಎರ್ರಮ್ಮ ಸಹಿ ಹಾಕಿದಳು. ಏಳನೆಯ ತರಗತಿ ಓದಿದ್ದಳು, ಹೆಬ್ಬೆಟ್ಟು ಒತ್ತಲಿಲ್ಲ. ಕಾಗದವನ್ನು ಮೇಲಿಂದ ಕೆಳಗಿನ ತನಕ ಬೆರಳಿಟ್ಟು ಓದಿದಳು. ಕದ್ದದ್ದು ಎಷ್ಟು ಅನ್ನುವಲ್ಲಿ ಇನ್ನೂರು ಎಂದು ಬರೆದಿತ್ತು. ಹಂಪಮ್ಮನ ಗೋಣಿಚೀಲದ ಅಡಿ ಸಿಕ್ಕದ್ದು ಇಪ್ಪತ್ತೂ ಇರಲಿಲ್ಲ.

"ಓದಿದ್ದು ಸಾಕು, ಗೀಚವಾ. ಐಎಎಸ್ ಮಾಡೀಯೇನು?" ಅಂದ ಹುಲುಗೇಶ.

*

ಎರ್ರಮ್ಮನದು ಬಾಟಮ್ ಕೆಲಸ. ಪ್ಯಾಂಟಿನ ಕಾಲಿನ ತುದಿಯನ್ನು ಮಡಚಿ ಸುತ್ತಲೂ ಹೊಲಿಗೆ ಹಾಕುವುದು. ಕಣ್ಣು ಮುಚ್ಚಿ ಮಾಡಬಲ್ಲಳು. ಮೊದಲ ಎರಡು ದಿನ ತಲೆ ಎತ್ತದೆ ಹೊಲಿದಳು. ಮೂರನೆಯ ದಿನ ಹುಲುಗೇಶ ಹೊಸದಾಗಿ ಸೇರಿದ ಹುಡುಗಿಯೊಬ್ಬಳಿಗೆ ಇವರನ್ನು ತೋರಿಸಿ, "ಆ ಸಾಲಿನವರು ಕಳ್ಳಿಯರು. ನಿನ್ನ ಡಬ್ಬಿ ದೂರ ಇಟಗಾ" ಅಂದದ್ದು ಕಿವಿಗೆ ಬಿತ್ತು. ಗದರಲಿಕ್ಕೆ ಹೇಳಿದ ಮಾತಲ್ಲ ಅದು. ನಲ್ಲಿಯಲ್ಲಿ ನೀರು ಎಷ್ಟೊತ್ತಿಗೆ ಬರುತ್ತದೆ ಎಂದು ಹೇಳುವ ಹಾಗೆ ಹೇಳಿದ್ದ. ಹುಡುಗಿ ಡಬ್ಬಿಯನ್ನು ದೂರ ಇಟ್ಟಳು.

ಎರ್ರಮ್ಮ ಕೈಯಲ್ಲಿದ್ದ ಪ್ಯಾಂಟಿನ ಕಾಲನ್ನು ಮಡಚಲಿಲ್ಲ. ಎರಡೂ ಪದರ ಸೇರಿಸಿ ಸೂಜಿಯ ಕೆಳಗಿಟ್ಟು ಆ ಕಡೆಯಿಂದ ಈ ಕಡೆಗೆ ಒಂದೇ ಓಟಕ್ಕೆ ಹೊಲಿದು ಬಾಯಿ ಮುಚ್ಚಿದಳು. ತಿರುಗಿಸಿ ಇನ್ನೊಂದು ಸಲ ಹೊಲಿದಳು. ಇನ್ನೊಂದು ಕಾಲನ್ನೂ ಹಾಗೆಯೇ ಮುಚ್ಚಿದಳು. ಪಕ್ಕಕ್ಕೆ ಹಾಕಿ ಮುಂದಿನದನ್ನು ಎಳೆದುಕೊಂಡಳು. ಕೈ ತಣ್ಣಗೆ ಕೆಲಸ ಮಾಡುತ್ತಿತ್ತು. ಇಷ್ಟು ವರ್ಷದಲ್ಲಿ ಅವಳು ಇಷ್ಟು ವೇಗವಾಗಿ, ಇಷ್ಟು ನೇರವಾಗಿ ಹೊಲಿದದ್ದಿಲ್ಲ. ಮಧ್ಯಾಹ್ನದ ಹೊತ್ತಿಗೆ ನೂರ ಎಪ್ಪತ್ತು ಪ್ಯಾಂಟುಗಳ ಗುಡ್ಡೆ ಎದ್ದಿತ್ತು.

ಹುಲುಗೇಶ ಚೆಕಿಂಗಿಗೆ ಬಂದು ಒಂದು ಪ್ಯಾಂಟಿನೊಳಗೆ ಕೈ ತೂರಿಸಿದ. ಕೈ ಕೆಳಗಿನಿಂದ ಹೊರಗೆ ಬರಲಿಲ್ಲ. ಎರಡನೆಯದನ್ನು ನೋಡಿದ. ಮೂರನೆಯದನ್ನು ನೋಡಿದ. "ಎಲಾ ಸೂಳೆಮಗಳ..." ಅಂದು ಗಾಜಿನ ಕೋಣೆಯ ಕಡೆ ಓಡಿದ. ಮಿಷನ್ನುಗಳು ಒಂದೊಂದಾಗಿ ನಿಂತವು.

ಸಿದ್ದಲಿಂಗೇಶ್ ಬಂದು ಒಂದು ಪ್ಯಾಂಟನ್ನು ಬೆಳಕಿಗೆ ಹಿಡಿದು ನೋಡಿದ.

"ಯಾಕ ಮಾಡ್ದಿ?"

"ಕಳ್ಳಿ ಅಂತ ಬರಕೊಟ್ಟೀನಲ್ಲರಿ" ಅಂದಳು ಎರ್ರಮ್ಮ. "ಕಳ್ಳಿ ಕೆಲಸ ಹಿಂಗ ಇರ್ತೈತಿ."

ಸಾಲಿನಲ್ಲಿ ಯಾರೋ ಫಕ್ಕನೆ ನಕ್ಕು ತಡೆದುಕೊಂಡರು. ಆ ಒಂದು ಗಳಿಗೆ ಎರ್ರಮ್ಮನಿಗೆ ಮೈ ಹಗುರಾಯಿತು. ಹೊಡೆಯುತ್ತಾನೆ ಅಂದುಕೊಂಡು ಕತ್ತು ನೆಟ್ಟಗೆ ಮಾಡಿ ನಿಂತಳು. ಹೊಡೆಯಲಿ ಎಂದೇ ಕಾಯುತ್ತಿದ್ದಳು.

ಸಿದ್ದಲಿಂಗೇಶ್ ಹೊಡೆಯಲಿಲ್ಲ. ಪ್ಯಾಂಟನ್ನು ಗುಡ್ಡೆಯ ಮೇಲೆ ಮೆಲ್ಲಗೆ ಇಟ್ಟು ಉಳಿದ ಐವರ ಕಡೆ ತಿರುಗಿದ.

"ಇವನ್ನೆಲ್ಲ ನೀವು ಐದು ಮಂದಿ ಬಿಚ್ಚಬೇಕು. ಬಟ್ಟಿಗೆ ಬ್ಲೇಡ್ ತಾಗಬಾರದು. ತಾಗಿದ್ದು ನಿಮ್ಮ ಪಗಾರದಾಗ ಹೋಗ್ತೈತಿ. ಬಿಚ್ಚಿದ್ದಕ್ಕ ರೇಟಿಲ್ಲ. ಮುಗಿಯೋ ತನಕ ಹೊಲಿಗಿ ಇಲ್ಲ." ಹುಲುಗೇಶನಿಗೆ, "ಈಕೀನ ಹೊರಗ ಬಿಡು" ಅಂದು ಗಾಜಿನ ಕೋಣೆಗೆ ಹೋದ.

"ನಾ ಬಿಚ್ತೀನಿ" ಅಂದಳು ಎರ್ರಮ್ಮ. "ಸಾವ್ಕಾರ್ರ, ನಾ ಹೊಲದದ್ದು, ನಾನ ಬಿಚ್ತೀನಿ. ಅವರದೇನೈತಿ?" ಬ್ಲೇಡಿಗೆ ಕೈ ಹಾಕುವಷ್ಟರಲ್ಲಿ ಹುಲುಗೇಶ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಗೇಟಿನಿಂದಾಚೆ ದಬ್ಬಿದ. ಮಣ್ಣಿನಲ್ಲಿ ಬಿದ್ದವಳ ಮೇಲೆ ಅವಳ ಚಪ್ಪಲಿ, ಡಬ್ಬಿ ಒಂದೊಂದಾಗಿ ಬಂದು ಬಿದ್ದವು.

ಅವಳು ಎದ್ದು ಸುತ್ತು ಹಾಕಿಕೊಂಡು ಕಾರ್ಖಾನೆಯ ಹಿಂದಿನ ಕಿಟಕಿಗೆ ಬಂದಳು. ಒಳಗೆ ಐವರು ನೆಲದ ಮೇಲೆ ಗುಡ್ಡೆಯ ಸುತ್ತ ಕೂತಿದ್ದರು. ಎರಡು ಸಲ ಹಾಯಿಸಿದ ಹೊಲಿಗೆ ಬಿಚ್ಚುವುದು ಕಷ್ಟ. ಒಂದೊಂದು ಎಳೆಯನ್ನೂ ಬ್ಲೇಡಿನ ಮೂಲೆಯಿಂದ ಎತ್ತಿ ಕತ್ತರಿಸಬೇಕು. ಕಿಟಕಿಯ ಪಕ್ಕದಲ್ಲೇ ಹಂಪಮ್ಮ ಇದ್ದಳು. ಅವಳ ಹೆಬ್ಬೆರಳಿನಿಂದ ಆಗಲೇ ರಕ್ತ ಬರುತ್ತಿತ್ತು. ಬಟ್ಟೆಗೆ ಕಲೆಯಾಗದಂತೆ ಬೆರಳನ್ನು ಆಗಾಗ ಬಾಯಿಗೆ ಇಟ್ಟುಕೊಳ್ಳುತ್ತಿದ್ದಳು.

"ಹಂಪಿ" ಅಂದಳು ಎರ್ರಮ್ಮ.

ಹಂಪಮ್ಮ ತಲೆ ಎತ್ತಲಿಲ್ಲ.

"ಹಂಪಿ, ನಾ ನಿಮಗ ಅಂತ ಮಾಡ್ಲಿಲ್ಲಲೇ."

"ನನ್ನ ಸಣ್ಣದನ್ನ ದವಾಖಾನಿಗೆ ಒಯ್ಯಬೇಕಿತ್ತು ಇವತ್ತು" ಅಂದಳು ಹಂಪಮ್ಮ, ಎಳೆಯೊಂದನ್ನು ಕತ್ತರಿಸುತ್ತ. "ಲಗೂನ ಮನಿಗಿ ಬಿಡ್ತೀನಿ ಅಂದಿದ್ದ ಹುಲುಗೇಶ."

ಎರ್ರಮ್ಮ ಸರಳುಗಳ ನಡುವೆ ಕೈ ಚಾಚಿದಳು. "ಒಂದಷ್ಟು ಇಲ್ಲಿ ಕೊಡು. ಯಾರೂ ನೋಡಂಗಿಲ್ಲ. ನಾನೂ ಬಿಚ್ತೀನಿ."

ಹಂಪಮ್ಮ ಆಗ ತಲೆ ಎತ್ತಿ ಅವಳನ್ನು ನೋಡಿದಳು. ಬೈಯಲಿಲ್ಲ. ಮಡಿಲಲ್ಲಿದ್ದ ಪ್ಯಾಂಟನ್ನು ಬದಿಗಿಟ್ಟು, ಮೊಣಕಾಲಿನ ಮೇಲೆ ಕೈಯೂರಿ ಎದ್ದು, ಚಾಚಿದ ಆ ಕೈಯನ್ನು ಸರಳಿನಾಚೆಗೆ ತಳ್ಳಿ ಕಿಟಕಿಯ ಬಾಗಿಲು ಹಾಕಿದಳು. ಒಳಗಿನಿಂದ ಚಿಲಕ ಬಿದ್ದ ಸದ್ದಾಯಿತು.